ಬಲ್ಬಿನ ನೀರಿನಲ್ಲಿ ತಲೆಕೆಳಗಾದ ಅರ್ಜುನ

ಮೊದಲಿಗೆ ಹೋಗಿರುವ ಬಲ್ಬೊಂದು ಬೇಕು. 40 ಕ್ಯಾಂಡಲಿನದಾದರೂ ನಡೆಯುತ್ತದೆ, 60ರದ್ದಾದರೆ ಇನ್ನೂ ಒಳ್ಳೆಯದು. ಬುಡದ ಕರಿ ಅರಗನ್ನು ಮೊಳೆಯಿಂದ ಮೆಲ್ಲಗೆ ಕುಟ್ಟಿ ಬಿಡಿಸಿ, ಒಳಗಿನ ಗಾಜಿನ ಕಡ್ಡಿ, ತಂತಿ ಎಲ್ಲವನ್ನೂ ಮುರಿದು ಹೊರಕ್ಕೆ ಸುರಿಯಬೇಕು. ಕೈ ಕೊಯ್ದುಕೊಳ್ಳದೆ ಈ ಕೆಲಸ ಮುಗಿಸಿದವರನ್ನು ನಾನಂತೂ ಕಂಡಿಲ್ಲ. ಆಮೇಲೆ ಬುರುಡೆಗೆ ಕತ್ತಿನವರೆಗೂ ನೀರು ತುಂಬಿ, ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬ ಹಿಡಿದು ಕೂರಬೇಕು. ಇನ್ನೊಬ್ಬ ಅಂಗಳದಲ್ಲಿ ಕನ್ನಡಿ ಹಿಡಿದು, ಬಾಗಿಲ ಸಂದಿಯಿಂದ ಬಿಸಿಲ ಕೋಲನ್ನು ಒಳಕ್ಕೆ ಬಿಡಬೇಕು. ಬೆಳಕಿಗೂ ಬಲ್ಬಿಗೂ ನಡುವೆ ಬೆರಳುದ್ದದ ಫಿಲಂ ಪೀಸು. ಎದುರು ಗೋಡೆಯ ಮೇಲೆ ಅಪ್ಪನ ಪಂಚೆ. ಅಷ್ಟಾದರೆ ಪಂಚೆಯ ಮೇಲೆ ಅರ್ಜುನ ಬರುತ್ತಾನೆ. ತಲೆ ಕೆಳಗೆ, ಕಾಲು ಮೇಲೆ, ಬಿಲ್ಲು ಹೆದೆಯೇರಿಸಿಕೊಂಡೇ.

ನೀರು ತುಂಬಿದ ಬುರುಡೆ ಉಬ್ಬು ಮಸೂರವಾಗುತ್ತದೆ, ಉಬ್ಬು ಮಸೂರ ಬಿಂಬವನ್ನು ತಲೆಕೆಳಗು ಮಾಡುತ್ತದೆ ಎಂದು ಹೈಸ್ಕೂಲಿನ ಮೇಷ್ಟ್ರು ಹೇಳುವುದಕ್ಕೆ ಎಷ್ಟೋ ವರ್ಷ ಮೊದಲೇ ನಾವು ಪೀಸನ್ನು ಉಲ್ಟಾ ಹಿಡಿಯುವುದನ್ನು ಕಲಿತಿದ್ದೆವು. ಸಿನಿಮಾ ಟೆಂಟಿನ ಆಪರೇಟರ್ ಕೂಡ ರೀಲನ್ನು ಉಲ್ಟಾ ಏರಿಸುತ್ತಾನೆ ಎಂದು ತಿಳಿದ ದಿನ ಆದ ಖುಷಿಯನ್ನು ಹೇಳತೀರದು. ನಾವೂ ಅವನೂ ಒಂದೇ ಕಸುಬಿನವರು ಎಂದಾಯಿತಲ್ಲ!

ಇದನ್ನೆಲ್ಲ ಈಗ ನೆನೆಯಲು ಕಾರಣ ಚಿಂತಾಮಣಿಯ ಒಂದು ಫ್ಯಾನ್ಸಿ ಸ್ಟೋರು. ಅಕ್ಕನ ಮೊಮ್ಮಗ ಅಲ್ಲಿ ಬೆಳಕಿನ ಕತ್ತಿಯೊಂದಕ್ಕೆ ಹಟ ಹಿಡಿದ. ಗುಂಡಿ ಒತ್ತಿದರೆ ನೀಲಿ ಬೆಳಕು ಹತ್ತಿ, ಬೀಸಿದರೆ ‘ವೂಂ’ ಅನ್ನುವ ಪ್ಲಾಸ್ಟಿಕ್ ಕತ್ತಿ ಅದು. ‘ಸ್ಟಾರ್ ವಾರ್ಸ್’ ಸಿನಿಮಾದ್ದು ಎಂದ. ಸಿನಿಮಾ ನೋಡಿದ್ದೀಯೇನೋ ಎಂದರೆ ಇಲ್ಲ. ಕತ್ತಿ ಮಾತ್ರ ಗೊತ್ತು. ನಮ್ಮ ಕಾಲಕ್ಕೆ ಇದರ ತಿರುವುಮುರುವು. ಸಿನಿಮಾ ನೋಡಿಯಾಗಿತ್ತು, ಕೈಯಲ್ಲಿ ಹಿಡಿಯಲು ಅಂಗಡಿಯಲ್ಲಿ ಏನೂ ಸಿಗುತ್ತಿರಲಿಲ್ಲ.

1977ರ ಮೇ 25ರಂದು ಅಮೆರಿಕದಲ್ಲಿ ‘ಸ್ಟಾರ್ ವಾರ್ಸ್’ ತೆರೆಕಂಡಿತು. ಅದೇ 1977ರಲ್ಲಿ ನಮಗೆ ಹುಣಸೂರು ಕೃಷ್ಣಮೂರ್ತಿಯವರ ‘ಬಬ್ರುವಾಹನ’ ಬಂತು. ಅಪ್ಪ ಅರ್ಜುನನೂ ರಾಜ್‌ಕುಮಾರ್, ಮಗ ಬಬ್ರುವಾಹನನೂ ರಾಜ್‌ಕುಮಾರ್. ಒಂದು ಕಡೆ ನಕ್ಷತ್ರಗಳ ನಡುವೆ ಹಾರುವ ಹಡಗುಗಳು, ಇನ್ನೊಂದು ಕಡೆ ಆಕಾಶದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದು ಕಿಡಿ ಕಾರುವ ಬಾಣಗಳು. ಅಲ್ಲಿನವರಿಗೆ ತಮ್ಮ ನಾಯಕ ಕಾದಾಡುತ್ತಿರುವ ಕರಿ ಮುಸುಕಿನವನು ಅವನ ಸ್ವಂತ ಅಪ್ಪ ಎಂದು ಗೊತ್ತಾಗಲು 1980ರಲ್ಲಿ ಬಂದ ಎರಡನೆಯ ಸಿನಿಮಾದವರೆಗೂ ಕಾಯಬೇಕಾಯಿತು. ಪ್ರೇಕ್ಷಕರು ಬೆರಗಾದರಂತೆ. ನಮ್ಮ ಟೆಂಟಿನ ಹುಡುಗರಿಗೆ ಅಪ್ಪ-ಮಗನ ಕಾಳಗ ಟಿಕೆಟ್ ಕೊಳ್ಳುವ ಮೊದಲೇ ಗೊತ್ತಿತ್ತು. ಲಕ್ಷ್ಮೀಶ ‘ಜೈಮಿನಿ ಭಾರತ’ದಲ್ಲಿ ಅದನ್ನು ಶತಮಾನಗಳ ಹಿಂದೆಯೇ ಹಾಡಿಟ್ಟಿದ್ದ. ಗೊತ್ತಿದ್ದೂ ಅತ್ತೆವು. ಕಥೆ ಗೊತ್ತಿದ್ದರೆ ಸಿನಿಮಾದ ರುಚಿ ಕೆಡುತ್ತದೆ ಅನ್ನುವ ಈಗಿನ ಭಯ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಸಿನಿಮಾದ ಜೊತೆಗೆ ಆಟಿಕೆ ಮಾರುವ ವ್ಯಾಪಾರವಿದೆಯಲ್ಲ, ಅದು ಈಗಿನ ರೂಪಕ್ಕೆ ಬಂದದ್ದು ಆ ‘ಸ್ಟಾರ್ ವಾರ್ಸ್’ನಿಂದಲೇ. ನಿರ್ದೇಶಕ ಜಾರ್ಜ್ ಲ್ಯೂಕಾಸ್ ಸಂಭಾವನೆ ಹೆಚ್ಚಿಸಿಕೊಳ್ಳುವ ಬದಲು ಮುಂದಿನ ಭಾಗಗಳ ಹಕ್ಕನ್ನೂ ಸಿನಿಮಾದ ಹೆಸರಲ್ಲಿ ಸರಕು ಮಾರುವ ಹಕ್ಕನ್ನೂ ತನ್ನಲ್ಲಿ ಉಳಿಸಿಕೊಂಡ. ಸ್ಟುಡಿಯೊದವರಿಗೆ ಅದು ಕಿಲುಬು ಕಾಸಿನ ಬಾಬತ್ತು ಅನ್ನಿಸಿರಬೇಕು, ಬಿಟ್ಟುಕೊಟ್ಟರು. ಆಟಿಕೆ ಮಾಡುವ ಗುತ್ತಿಗೆ ಹಿಡಿದ ಕೆನ್ನರ್ ಕಂಪನಿಗೂ ಅಂದಾಜು ತಪ್ಪಿತು. ಕ್ರಿಸ್‌ಮಸ್ ಬಂದರೂ ಬೊಂಬೆಗಳು ತಯಾರಾಗಿರಲಿಲ್ಲ. ಆಗ ಕಂಪನಿ ಬೊಂಬೆಯಿಲ್ಲದ ರಟ್ಟಿನ ಲಕೋಟೆ ಮಾರಿತು! ಒಳಗೊಂದು ಚೀಟಿ. ಅದನ್ನು ಅಂಚೆಗೆ ಹಾಕಿದರೆ 1978ರಲ್ಲಿ ನಾಲ್ಕು ಬೊಂಬೆ ಮನೆಗೆ ಬರುತ್ತವೆ. ತಾಯಿತಂದೆಯರು ಅದನ್ನೂ ಕೊಂಡರು. ಬೊಂಬೆಯ ಎತ್ತರ 3.75 ಅಂಗುಲ, ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು. ಲ್ಯೂಕಾಸ್‌ನ ಕಂಪನಿಯನ್ನು 2012ರಲ್ಲಿ ಡಿಸ್ನಿ ಕೊಂಡಾಗ ಕೊಟ್ಟ ಬೆಲೆ 400 ಕೋಟಿ ಡಾಲರಿಗೂ ಹೆಚ್ಚು. ಅದರಲ್ಲಿ ಕಥೆಯ ಬೆಲೆ ಎಷ್ಟು, ಬೊಂಬೆಯ ಬೆಲೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ನಮಗೆ ಆ ಬೊಂಬೆಗಳು ಬರುವ ದಾರಿಯೇ ಇರಲಿಲ್ಲ. ಹೊರದೇಶದ ಗ್ರಾಹಕ ಸರಕಿನ ಆಮದಿಗೆ ಆಗ ಬಿಗಿ ಕಟ್ಟುಪಾಡು. ಅದರ ಕೊನೆಯ ಗಂಟು ಬಿಚ್ಚಿದ್ದು 2001ರ ಏಪ್ರಿಲ್ 1ರಂದು. ಅದಾದ ಮೇಲೆಯೇ ಚೀನಾದ ಪ್ಲಾಸ್ಟಿಕ್ ತಾಲ್ಲೂಕು ಕೇಂದ್ರಗಳ ಫ್ಯಾನ್ಸಿ ಸ್ಟೋರುಗಳಿಗೆ ಹೊಳೆಯಂತೆ ಹರಿದದ್ದು. ಅದಕ್ಕೆ ಮುಂಚೆ ನಮಗಿದ್ದದ್ದು ಜಾತ್ರೆ. ನಂದಿಯ ಭೋಗನಂದೀಶ್ವರನ ಶಿವರಾತ್ರಿ, ಕೈವಾರ, ವಿದುರಾಶ್ವತ್ಥ. ಅಲ್ಲಿ ರಟ್ಟಿನ ಮುಖವಾಡ, ಬಣ್ಣದ ಕಾಗದ ಸುತ್ತಿದ ಬಿಲ್ಲುಬಾಣ, ಪೀಪಿ. ದೂರದರ್ಶನದಲ್ಲಿ 1987ರಲ್ಲಿ ‘ರಾಮಾಯಣ’, 1988ರಲ್ಲಿ ‘ಮಹಾಭಾರತ’ ಶುರುವಾದ ಮೇಲೆ ಪ್ಲಾಸ್ಟಿಕ್ ಗದೆಯೂ ಬಂತು. ಗದೆ ಜಾತ್ರೆ ಮುಗಿದ ಮೂರನೇ ದಿನಕ್ಕೆ ಒಡೆಯುತ್ತಿತ್ತು. ಬಾಣಕ್ಕೆ ಬೆಳಕು ಬೇಕಾದಾಗ ಸುಟ್ಟ ಟ್ಯೂಬ್‌ಲೈಟು. ಒಡೆದರೆ ಗಾಜೂ ಪಾದರಸವೂ ಮೈಮೇಲೆ, ಅವ್ವನ ಕೈಯ ಪೊರಕೆಯೂ ಮೈಮೇಲೆ. (ಆ ಬೆಳಕಿನ ಕತ್ತಿಯ ಮೂಲವೂ ಗುಜರಿಯೇ. ಸಿನಿಮಾದಲ್ಲಿ ನಾಯಕ ಮೊದಲು ಹಿಡಿದ ಕತ್ತಿಯ ಹಿಡಿ ಒಂದು ಹಳೆಯ ಕ್ಯಾಮೆರಾದ ಫ್ಲಾಶಿನ ಕೊಳವೆ. ಲಂಡನ್ನಿನ ಫೋಟೊ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು. ಇದನ್ನು ಓದಿದಾಗ ನಮ್ಮ ಟ್ಯೂಬ್‌ಲೈಟಿನ ಮರ್ಯಾದೆ ಒಂದು ಗುಲಗಂಜಿ ಹೆಚ್ಚಿತು.)

ಆದರೆ ಇವೆಲ್ಲಕ್ಕಿಂತ ಮೇಲಿನದು ಫಿಲಂ ಪೀಸು. ಅದು ಎಲ್ಲಿಂದ ಬರುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಶಿಡ್ಲಘಟ್ಟದಲ್ಲಿ ರೀಲರ್ ಅಂದರೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವವರು. ಒಂದು ಗೂಡಿನೊಳಗೆ ನೂರಾರು ಮೀಟರ್ ಉದ್ದದ ಒಂದೇ ಎಳೆ ಸುತ್ತಿಕೊಂಡಿರುತ್ತದೆ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಎತ್ತಿ ರಾಟೆಗೆ ಕೊಡುವಾಗ ತುಂಡಾದರೆ ಇನ್ನೊಂದು ಗೂಡಿನ ಎಳೆ ಸೇರಿಸಿ ಮುಂದುವರಿಸುತ್ತಾರೆ. ಟೆಂಟಿನ ಆಪರೇಟರನ ಕಸುಬೂ ಹಾಗೆಯೇ ಇತ್ತು. 35 ಮಿಲಿಮೀಟರ್ ಫಿಲಂ ಸೆಕೆಂಡಿಗೆ 24 ಚೌಕದಂತೆ ಓಡುತ್ತದೆ. ಒಂದಡಿಗೆ 16 ಚೌಕ. ಅಂದರೆ ನಿಮಿಷಕ್ಕೆ 90 ಅಡಿ, ಎರಡೂವರೆ ಗಂಟೆಯ ಸಿನಿಮಾಕ್ಕೆ 13,500 ಅಡಿ, ನಾಲ್ಕು ಕಿಲೋಮೀಟರಿಗೂ ಮಿಕ್ಕಿದ ಎಳೆ. ಈ ಪ್ರಿಂಟು ಮೊದಲು ಬೆಂಗಳೂರಿನಲ್ಲಿ ಓಡಿ, ಆಮೇಲೆ ಜಿಲ್ಲಾ ಕೇಂದ್ರಗಳಲ್ಲಿ ಓಡಿ, ತಾಲ್ಲೂಕಿಗೆ ಬಂದು, ಕೊನೆಗೆ ಹೋಬಳಿಯ ಟೆಂಟಿಗೆ ಬರುವಷ್ಟರಲ್ಲಿ ಹಣ್ಣಾಗಿರುತ್ತಿತ್ತು. ಮೈತುಂಬ ಗೀರು. ಪರದೆಯ ಮೇಲೆ ಅರಮನೆಯೊಳಗೂ ಮಳೆ ಸುರಿಯುತ್ತಿತ್ತು. ಅಂಚಿನ ತೂತುಗಳು ಹರಿದ ಕಡೆ ಫಿಲಂ ಕಚ್ಚಿಕೊಂಡು ಪಟ್ಟನೆ ತುಂಡಾಗುವುದು, ಕತ್ತಲಲ್ಲಿ ‘ಹೋ’ ಎಂಬ ಕೂಗು, ನೆಲದವರ ಸಿಳ್ಳೆ. ಆಪರೇಟರ್ ಹರಿದ ಭಾಗವನ್ನು ಕತ್ತರಿಸಿ ಎಸೆದು, ಎರಡು ತುದಿಗೆ ಅಂಟು ಹಾಕಿ ಮತ್ತೆ ಓಡಿಸುವನು. ಅರ್ಜುನ ಮಾತಿನ ನಡುವೆ ಥಟ್ಟನೆ ಒಂದು ಮಾರು ಮುಂದಕ್ಕೆ ನೆಗೆದಿರುತ್ತಿದ್ದ.

ಹಾಗೆ ಎಸೆದ ತುಂಡುಗಳು ಮಾರನೇ ದಿನ ಟೆಂಟಿನ ಹಿಂದಿನ ಕಸದಲ್ಲಿ ಸಿಗುತ್ತಿದ್ದವು. ಸಿಗದಿದ್ದರೆ ಆಪರೇಟರನನ್ನು ಕಾಡುವುದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ನೂಲು ತೆಗೆಯುವ ಫಿಲೇಚರಿನಲ್ಲಿ ಉರ್ದು ಕೇಳಿ ಬೆಳೆದ ನಾವು ಮೂರು ಭಾಷೆಯಲ್ಲೂ ಗೋಗರೆಯಬಲ್ಲವರಾಗಿದ್ದೆವು. “ಅಣ್ಣಾ, ಒಂದೇ ಒಂದು ಪೀಸ್ ಕೊಡಣ್ಣಾ.” ಅವನು ಅದಕ್ಕೆ ಕರಗುತ್ತಿರಲಿಲ್ಲ. ಬೀಡಿ ತಂದುಕೊಟ್ಟರೆ ಕರಗುತ್ತಿದ್ದ.

ಈ ಪೀಸುಗಳಿಗೆ ನಮ್ಮೊಳಗೇ ಒಂದು ಗೂಡಿನ ಮಾರುಕಟ್ಟೆಯಿತ್ತು, ಹರಾಜೂ ನಡೆಯುತ್ತಿತ್ತು. ಬರೀ ಬೆಟ್ಟ, ಮರ ಇದ್ದರೆ ಸೀನರಿ ಪೀಸು. ಅದು ಜಾಳು ಗೂಡಿಗೆ ಸಮ, ಯಾರೂ ಮೂಸುತ್ತಿರಲಿಲ್ಲ. ರಾಜ್‌ಕುಮಾರ್ ಮುಖವಿದ್ದರೆ ಹತ್ತು ಗೋಲಿ. ಮುಖ ಅರ್ಜುನನದೋ ಬಬ್ರುವಾಹನನದೋ ಎಂದು ಜಗಳ ಹತ್ತಿದರೆ ಹೊಡೆದಾಟದಲ್ಲೇ ಮುಗಿಯುವುದು. ಎಲ್ಲಕ್ಕಿಂತ ದುಬಾರಿಯದು ಟ್ರಿಕ್ ಪೀಸು, ಎರಡು ಬಾಣ ಕೂಡುವ ಚೌಕ. ಬಲ್ಬಿನ ಮುಂದೆ ಒಂದೊಂದೇ ಚೌಕ ಸರಿಸಿದರೆ ಬಾಣ ಕೂದಲೆಳೆಯಷ್ಟು ಮುಂದೆ ಮುಂದೆ ಹೋಗುವುದು ಕಾಣುತ್ತಿತ್ತು. ದೈವಾಸ್ತ್ರವನ್ನು ಯಾರೋ ಕೂತು ಚೌಕಚೌಕವಾಗಿ ಮಾಡಿದ್ದಾರೆ ಎಂದು ಆ ಪಂಚೆಯ ಮೇಲೆ ಗೊತ್ತಾಯಿತು. ಬೇಸರವಾಗಬೇಕಿತ್ತು. ಆಗಲಿಲ್ಲ, ಮಾಡಿದವನ ಮೇಲೆ ಭಕ್ತಿ ಬಂತು.

ಚೌಕದ ಪಕ್ಕದಲ್ಲೊಂದು ಸಣ್ಣ ಗೆರೆ ಹಾವಿನಂತೆ ಬಳುಕಿಕೊಂಡು ಹೋಗುತ್ತಿರುತ್ತದೆ. ಅದೇ ಸದ್ದು. ಅದರಲ್ಲಿ ಹಾಡಿದೆ ಎಂದು ಕಿವಿಗಿಟ್ಟುಕೊಂಡು ಕೇಳಿದ ಗೆಳೆಯನೊಬ್ಬನಿದ್ದ. ಪ್ರೊಜೆಕ್ಟರಿನಲ್ಲಿ ಸದ್ದನ್ನು ಓದುವ ಜಾಗ ಚಿತ್ರ ಬೀಳಿಸುವ ಜಾಗಕ್ಕಿಂತ ಕೆಳಗಿರುತ್ತದೆ. ಆದ್ದರಿಂದ ಒಂದು ಚಿತ್ರದ ಸದ್ದು ಅದರ ಪಕ್ಕದಲ್ಲೇ ಇರದೆ ಸುಮಾರು 20 ಚೌಕದಷ್ಟು ಮುಂದಿರುತ್ತದೆ ಎಂದು ನನಗೆ ಗೊತ್ತಾದದ್ದು ತಲೆ ನರೆತ ಮೇಲೆ. ಅಂದರೆ ನನ್ನ ಪೀಸಿನಲ್ಲಿ ಬಾಯಿ ತೆರೆದಿದ್ದ ಅರ್ಜುನನ ಪಕ್ಕದ ಗೆರೆಯಲ್ಲಿದ್ದದ್ದು ಅವನು ಇನ್ನೂ ಆಡದ, ಮುಕ್ಕಾಲು ಸೆಕೆಂಡಿಗೂ ತುಸು ಹೆಚ್ಚು ಕಳೆದು ಆಡಲಿರುವ ಮಾತು.

ಬೊಂಬೆ ಕೊಂಡ ಅಮೆರಿಕದ ಹುಡುಗನಿಗೂ ನಮಗೂ ಇರುವ ವ್ಯತ್ಯಾಸ ನನಗೆ ಇಲ್ಲೇ ಕಾಣುವುದು. ಅವನ ಕೈಯಲ್ಲಿದ್ದದ್ದು ಸಿನಿಮಾದ ಪ್ಲಾಸ್ಟಿಕ್ ನಕಲು. ನಮ್ಮ ಕೈಯಲ್ಲಿದ್ದದ್ದು ಸಿನಿಮಾ. ಬೆಂಗಳೂರಿನವರು ನೋಡಿದ ‘ಬಬ್ರುವಾಹನ’ಕ್ಕಿಂತ ನಮ್ಮ ಟೆಂಟಿನ ‘ಬಬ್ರುವಾಹನ’ ಗಿಡ್ಡ. ಆ ಕಡಿಮೆಯಾದಷ್ಟೂ ನಮ್ಮ ಚಡ್ಡಿ ಜೇಬಿನಲ್ಲಿತ್ತು.

ಇದರ ಜೊತೆಗೆ ಹಾಡಿನ ಪುಸ್ತಕ. ಟೆಂಟಿನ ಬಾಗಿಲಲ್ಲಿ ಚಿಲ್ಲರೆ ಕಾಸಿಗೆ ಮಾರುತ್ತಿದ್ದ ಆರೆಂಟು ಪುಟದ ಪುಸ್ತಿಕೆ, ತೆಳು ಬಣ್ಣದ ಕಾಗದ, ಕೈಗೆ ಅಂಟುವ ಶಾಯಿ. ಮೊದಲು ಕಥಾಸಾರ, ಆಮೇಲೆ ಹಾಡುಗಳು. ಕಥಾಸಾರ ಸರಿಯಾಗಿ ಕುತೂಹಲದ ಜಾಗಕ್ಕೆ ಬಂದು ನಿಂತು, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಅನ್ನುತ್ತಿತ್ತು. ನಮ್ಮ ಕಡೆ ತೆಲುಗಿನ ಹಾಡಿನ ಪುಸ್ತಕಗಳಿಗೂ ಅಷ್ಟೇ ಗಿರಾಕಿ. 1991ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ಅವರ ‘ಆದಿತ್ಯ 369’ ಬಂದಾಗ ನಮ್ಮ ವಯಸ್ಸು ಮೀರಿತ್ತು, ಆದರೆ ತಮ್ಮಂದಿರ ದಂಡು ಅದರಲ್ಲೇ ಮುಳುಗಿತು. ಕಾಲಯಂತ್ರವೇರಿ ಕೃಷ್ಣದೇವರಾಯನ ಕಾಲಕ್ಕೂ 2504ನೇ ಇಸವಿಗೂ ಹೋಗಿಬರುವ ಕಥೆ. ‘ಹಾಲು ಜೇನು’, ‘ಚಲಿಸುವ ಮೋಡಗಳು’ ಮಾಡಿದ ಅದೇ ಸಿಂಗೀತಂ. 1997ರಲ್ಲಿ ದೂರದರ್ಶನಕ್ಕೆ ‘ಶಕ್ತಿಮಾನ್’ ಬಂದು ಗಿರಗಿರ ತಿರುಗಿದ. ಅವನ ಕೆಂಪು ದಿರಿಸು, ಸ್ಟಿಕ್ಕರುಗಳ ಜೊತೆಗೆ ನಮ್ಮಲ್ಲೂ ಅಂಗಡಿಯ ಕಾಲ ಶುರುವಾಯಿತು. ಆ ಕಾಲದ ಬಗ್ಗೆ ಬರೆಯಬೇಕಾದವರು ಅದನ್ನು ಅನುಭವಿಸಿದವರು, ನಾನಲ್ಲ.

ಇನ್ನೊಂದು ಸಂಗತಿ. ಹಾರುವ ರಥ, ಮಾತಾಡುವ ಆಕಾಶ ಎಂದು ನಾವು ಬಲ್ಬು ಹಿಡಿದು ಕೂತಿದ್ದಾಗ, ನಿಜವಾಗಿ ಆಕಾಶಕ್ಕೆ ಕಿವಿಗೊಟ್ಟ ಯಂತ್ರವೊಂದು ನಮ್ಮದೇ ಸೀಮೆಯಲ್ಲಿ ಕೆಲಸ ಮಾಡುತ್ತಿತ್ತು. ಗೌರಿಬಿದನೂರಿನ ಹೊರಗೆ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೊ ದೂರದರ್ಶಕ ಅದು. ಶುರುವಾದದ್ದು 1976ರಲ್ಲಿ, ‘ಸ್ಟಾರ್ ವಾರ್ಸ್’ಗೆ ಒಂದು ವರ್ಷ ಮೊದಲು. ದೂರದರ್ಶಕ ಅಂದರೆ ದೊಡ್ಡ ಬಾಣಲೆಯಂಥದ್ದು ಎಂದುಕೊಂಡು ಹೋದವರಿಗೆ ನಿರಾಸೆಯಾಗುತ್ತದೆ. ನೆಟ್ಟ ಕಂಬಗಳು, ಎಳೆದ ತಂತಿಗಳು, ಒಟ್ಟು 1000 ಆಂಟೆನಾಗಳು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ. ಪೂರ್ವ-ಪಶ್ಚಿಮದ ತೋಳು ಒಂದು ಕಿಲೋಮೀಟರಿಗೂ ಹೆಚ್ಚು ಉದ್ದ. ಮೊದಲ ಸಲ ದೂರದಿಂದ ನೋಡಿದಾಗ ನನಗೆ ಬಳ್ಳಿ ಹಬ್ಬಿಸದ ದ್ರಾಕ್ಷಿ ಚಪ್ಪರದಂತೆ ಕಂಡಿತ್ತು. ಕೆಲಸ ಮಾಡುವ ಕಂಪನಾಂಕ 34.5 ಮೆಗಾಹರ್ಟ್ಸ್, ಅಂದರೆ ಒಂದೊಂದು ಅಲೆಯೂ ಸುಮಾರು 8.7 ಮೀಟರ್ ಉದ್ದ. ಅಷ್ಟು ಉದ್ದದ ಅಲೆ ಹಿಡಿಯಲು ನುಣುಪಾದ ಬಾಣಲೆ ಬೇಕಿಲ್ಲ, ತಂತಿ ಸಾಕು. ಆದರೆ ತಂತಿ ಹಾಕುವ ಜಾಗ ವಿಶಾಲವಾಗಿರಬೇಕು, ಪಟ್ಟಣದ ರೇಡಿಯೊ ಗದ್ದಲದಿಂದ ದೂರವಿರಬೇಕು. ಆ ತಂತಿಗಳು ಆಕಾಶದ ನಕ್ಷೆ ಬರೆದವು. 1997ರಿಂದ ಪಕ್ಕದಲ್ಲೇ ಸೂರ್ಯನ ಹೊರವಲಯವನ್ನು ನೋಡುವ ಇನ್ನೊಂದು ತಂತಿಜಾಲವೂ ಕೆಲಸ ಮಾಡುತ್ತಿದೆ.

ಇನ್ನೂ ಸೊಗಸಾದದ್ದು ನಮ್ಮ ಕಡೆಯ ದಂಡಿಗಾನಹಳ್ಳಿ ಕೆರೆಯ ಕಥೆ. 2018ರಲ್ಲಿ ಅಮೆರಿಕದ ತಂಡವೊಂದು ಆಸ್ಟ್ರೇಲಿಯಾದಲ್ಲಿಟ್ಟ ಉಪಕರಣದಿಂದ ವಿಶ್ವದ ಮೊಟ್ಟಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಗುರುತು ಸಿಕ್ಕಿತು ಎಂದು ಸಾರಿತು. ಅದನ್ನು ಪರೀಕ್ಷಿಸಲು ರಾಮನ್ ಸಂಶೋಧನಾ ಸಂಸ್ಥೆಯವರು ‘ಸರಸ್’ ಎಂಬ ತಮ್ಮ ಆಂಟೆನಾವನ್ನು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೆಪ್ಪದ ಮೇಲೆ ತೇಲಿಬಿಟ್ಟರು. ನೀರೇ ಯಾಕೆ? ನೆಲದೊಳಗೆ ಕಲ್ಲು, ಮಣ್ಣು, ತೇವ ಎಂದು ಪದರಪದರವಿರುತ್ತದೆ, ಪ್ರತಿ ಪದರವೂ ಅಳತೆಯನ್ನು ತನ್ನದೇ ರೀತಿಯಲ್ಲಿ ಕಲಕುತ್ತದೆ. ನೀರು ಮೇಲಿನಿಂದ ತಳದವರೆಗೂ ಒಂದೇ ಸಮ. ಫಲಿತಾಂಶ 2022ರಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಪ್ರಕಟವಾಯಿತು. ಅಮೆರಿಕದವರು ಹೇಳಿದ ಗುರುತು ನಮ್ಮ ತೆಪ್ಪಕ್ಕೆ ಕಾಣಲಿಲ್ಲ. ದೊಡ್ಡವರು ಹೇಳಿದರು ಎಂದು ನಂಬಬೇಡ, ಪರೀಕ್ಷಿಸಿ ನೋಡು ಎಂದು ಜೀವಮಾನವಿಡೀ ಹೇಳಿದ ಎಚ್. ನರಸಿಂಹಯ್ಯನವರು ಹುಟ್ಟಿದ್ದು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಅವರಿದ್ದಿದ್ದರೆ ಟೋಪಿ ಸರಿಮಾಡಿಕೊಂಡು ನಗುತ್ತಿದ್ದರು.

1300 ಕೋಟಿ ವರ್ಷಕ್ಕೂ ಹಿಂದಿನ ಪಿಸುಮಾತನ್ನು ಕೆರೆಯಲ್ಲಿ ಕೂತು ಹುಡುಕಬಲ್ಲ ಈ ನಾಡಿನಲ್ಲಿ, 1934ರ ಸಿನಿಮಾ ಒಂದು ಸಿಗುವುದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರಿಂಟೂ ಉಳಿದಿಲ್ಲ. ಅಮೆರಿಕದಲ್ಲೂ ಇಂಥದೇ ಒಂದು ಪೇಚು ಆಯಿತು. ಲ್ಯೂಕಾಸ್ 1997ರಲ್ಲಿ ತನ್ನ ಸಿನಿಮಾವನ್ನು ತಿದ್ದಿ, ಹೊಸ ದೃಶ್ಯ ಸೇರಿಸಿ ಬಿಟ್ಟ. ಅಲ್ಲಿಂದಾಚೆ 1977ರಲ್ಲಿ ಜನ ನೋಡಿದ ಮೂಲ ಸಿನಿಮಾ ಒಳ್ಳೆಯ ಗುಣಮಟ್ಟದಲ್ಲಿ ಎಷ್ಟೋ ವರ್ಷ ಸಿಗದಾಯಿತು. ಆಗ ಅಭಿಮಾನಿಗಳೇ 1977ರ ಹಳೆಯ 35 ಮಿಲಿಮೀಟರ್ ಪ್ರಿಂಟನ್ನು ಹುಡುಕಿ, ಚೌಕಚೌಕವಾಗಿ ಸ್ಕ್ಯಾನ್ ಮಾಡಿ, ಗೀರು ಒರೆಸಿ ಮೂಲ ರೂಪ ಕಟ್ಟಿದರು. ಬೊಂಬೆ ಕೊಂಡು ಬೆಳೆದ ಹುಡುಗರೂ ಕೊನೆಗೆ ಹುಡುಕಿಕೊಂಡು ಬಂದದ್ದು ಫಿಲಂ ಪೀಸನ್ನೇ.

ಈಗ ಚಿತ್ರಮಂದಿರಕ್ಕೆ ಸಿನಿಮಾ ಬರುವುದು ಡಿಜಿಟಲ್ ಕಡತವಾಗಿ. ಹರಿಯುವುದಿಲ್ಲ, ಮಳೆ ಬೀಳುವುದಿಲ್ಲ, ಕಸದಲ್ಲಿ ಅರ್ಜುನ ಸಿಗುವುದಿಲ್ಲ. ಅಕ್ಕನ ಮೊಮ್ಮಗನಿಗೆ ಆ ಕತ್ತಿ ಕೊಡಿಸಿದೆ. ಒಂದು ವಾರ ಬಾಳಿತು. ಆಮೇಲೆ ಬಲ್ಬಿನ ಪ್ರಯೋಗ ತೋರಿಸೋಣವೆಂದರೆ ಮನೆಯಲ್ಲಿ ಎಲ್ಲವೂ ಎಲ್‌ಇಡಿ. ತಂತಿಯ ಬಲ್ಬಿಗಾಗಿ ಮೂರು ಅಂಗಡಿ ಅಲೆದೆ, ಕೊನೆಗೆ ನಮ್ಮ ಹಳೆಯ ದೇವರ ಮನೆಯಲ್ಲಿ ಸಿಕ್ಕಿತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಅಟ್ಟದ ಮೇಲೆ, ಟ್ರಂಕಿನೊಳಗೆ, ತಗಡಿನ ಬಿಸ್ಕತ್ತು ಡಬ್ಬಿಯಲ್ಲಿ ಹಾಡಿನ ಪುಸ್ತಕವೋ ಫಿಲಂ ಪೀಸೋ ಇದ್ದರೆ ಹಳೇ ಪೇಪರಿನವನಿಗೆ ಹಾಕಬೇಡಿ. ಪುಸ್ತಕವಾದರೆ ಒಂದು ಫೋಟೊ ತೆಗೆದಿಟ್ಟು, ಊರಿನ ಗ್ರಂಥಾಲಯಕ್ಕೋ ಶಾಲೆಗೋ ತಲುಪಿಸಿ. ಫಿಲಂ ಆದರೆ ಮೂಸಿ ನೋಡಿ. ವಿನೆಗರಿನಂಥ ಹುಳಿ ವಾಸನೆ ಬಂದರೆ ಅದು ಕೊಳೆಯಲು ಶುರುವಾಗಿದೆ ಎಂದು ಅರ್ಥ. ಒಂದರ ಹುಳಿ ಇನ್ನೊಂದಕ್ಕೆ ತಗಲುತ್ತದೆ, ಅಂಥದ್ದನ್ನು ಬೇರೆ ಎತ್ತಿಡಿ. ತಂಪಾದ, ತೇವವಿಲ್ಲದ ಜಾಗ ಸಾಕು. ಡಬ್ಬಿಯ ಮುಚ್ಚಳವನ್ನು ಮಾತ್ರ ಬಿಗಿಯಾಗಿ ಹಾಕಬೇಡಿ, ಅದಕ್ಕೆ ಸ್ವಲ್ಪ ಗಾಳಿ ಬೇಕು.